ಬಸ್ಸಾರಿನಿಂದ ಆರಂಭಿಸಿ: ಹೊಸ ವರ್ಷದ ಮನೆಯೂಟದ ಲೆಕ್ಕಾಚಾರ

ಜನವರಿ ಬಂತೆಂದರೆ ಆರೋಗ್ಯದ ಸಂಕಲ್ಪಗಳ ಜೊತೆಗೆ ಓಟ್ಸ್ ಪೊಟ್ಟಣವೂ ಮನೆಗೆ ಬರುತ್ತದೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅದರ ಬಾಯಿಗೆ ರಬ್ಬರ್ ಬ್ಯಾಂಡ್ ಬಿದ್ದು, ಡಬ್ಬಿಗಳ ಹಿಂದೆ ಎಲ್ಲೋ ಸೇರಿಕೊಳ್ಳುತ್ತದೆ. ಇದಕ್ಕೆ ಮನಸ್ಸಿನ ದೃಢತೆ ಸಾಲದೆಂದು ದೂರುವವರೇ ಹೆಚ್ಚು. ನನಗೆ ಕಾಣುವ ಕಾರಣ ಬೇರೆ. ಅಡುಗೆಮನೆಗೆ ಗುರುತಿಲ್ಲದ ಪದಾರ್ಥವನ್ನು ತಂದಿಟ್ಟುಕೊಂಡು, ದಿನವೂ ಏನು ಮಾಡಬೇಕೆಂದು ಹೊಸದಾಗಿ ಯೋಚಿಸಬೇಕಾಗಿ ಬಂದರೆ, ಯಾರಿಗಾದರೂ ಎರಡನೆಯ ವಾರಕ್ಕೇ ಬೇಸರ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಮನೆಗಳಲ್ಲಿ ಯೋಚಿಸುವ ಅಗತ್ಯವೇ ಇಲ್ಲದ ಒಂದು ಊಟದ ಕ್ರಮ ತಲೆಮಾರುಗಳಿಂದ ಇದೆ: ಕಾಳು ಅಥವಾ ಬೇಳೆಯ ಜೊತೆ ಸೊಪ್ಪು ಬೇಯಿಸಿ, ಬಸಿದು, ಬಸಿದ ನೀರಿನಿಂದ ಬಸ್ಸಾರು, ಉಳಿದದ್ದರಿಂದ ಪಲ್ಯ, ಜೊತೆಗೆ ಒಂದು ಮುದ್ದೆ. ಈ ಕ್ರಮ ದೇಹಕ್ಕೆ ಹೇಗೆ ಒದಗುತ್ತದೆ, ಅದರಲ್ಲಿ ಯಾವುದನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಯಾವುದನ್ನು ತಿದ್ದಿಕೊಳ್ಳಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು, ಮನೆಯಲ್ಲಿ ಅಡುಗೆ ಮಾಡಿದರೆ ನಿಜಕ್ಕೂ ಏನು ಬದಲಾಗುತ್ತದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ರಷ್ಟು ಅನಾರೋಗ್ಯಕರ ಆಹಾರಕ್ರಮದಿಂದ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಹೊರಬಂದ ರಾಷ್ಟ್ರವ್ಯಾಪಿ ಅಧ್ಯಯನವು ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇ. 35.5 ಮಂದಿಗೆ ರಕ್ತದೊತ್ತಡ ಇದೆಯೆಂದು ಅಂದಾಜಿಸಿದೆ. ಇವೆರಡರ ಹಿಂದೆಯೂ ಅನುವಂಶೀಯತೆ, ವಯಸ್ಸು, ದುಡಿಮೆಯ ಬಗೆ, ನಿದ್ರೆ ಮುಂತಾದ ಅನೇಕ ಕಾರಣಗಳಿವೆ. ಆದರೆ ಊಟದ ಕಡೆಯಿಂದ ನೋಡಿದರೆ ಮುಖ್ಯವಾದವು ಮೂರೇ: ಉಪ್ಪು ಎಷ್ಟು, ಎಣ್ಣೆ ಎಷ್ಟು, ತಟ್ಟೆಯಲ್ಲಿ ಅನ್ನ ಅಥವಾ ಮುದ್ದೆಗೆ ಎದುರಾಗಿ ಕಾಳು, ತರಕಾರಿ ಎಷ್ಟು. ಹೋಟೆಲಿನಲ್ಲಿ ಈ ಮೂರನ್ನೂ ಬೇರೆಯವರು ತೀರ್ಮಾನಿಸುತ್ತಾರೆ, ಮತ್ತು ಅವರ ತೀರ್ಮಾನ ಗಿರಾಕಿಯ ನಾಲಿಗೆಯನ್ನು ನೋಡಿಕೊಂಡೇ ಇರುತ್ತದೆ. ಮನೆಯಲ್ಲಿ ಚಮಚ ನಮ್ಮ ಕೈಯಲ್ಲಿರುತ್ತದೆ. ಹಾಗೆಂದ ಮಾತ್ರಕ್ಕೆ ಮನೆಯೂಟವೆಲ್ಲ ತಾನಾಗಿಯೇ ಆರೋಗ್ಯಕರವಾಗುವುದಿಲ್ಲ. ಎಣ್ಣೆ ತೇಲುವ ಚಿತ್ರಾನ್ನ, ಅದಕ್ಕೆ ಉಪ್ಪಿನಕಾಯಿ ಮತ್ತು ಹಪ್ಪಳ ಎಂಬ ತಟ್ಟೆ ಮನೆಯಲ್ಲೇ ತಯಾರಾದರೂ ಅದರಲ್ಲಿ ಉಪ್ಪು, ಎಣ್ಣೆ, ಅನ್ನ ಮೂರೂ ಮಿತಿ ಮೀರಿರುತ್ತವೆ. ಅತ್ತ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನದೇ ಆದರೂ ಹುದುಗಿಸಿ ಆವಿಯಲ್ಲಿ ಬೇಯಿಸಿದ್ದು. ಪಕ್ಕದಲ್ಲಿ ಬರುವ ಬೆಣ್ಣೆಯ ಲೆಕ್ಕ ನಿಮಗೆ ಬಿಟ್ಟದ್ದು.

ಅದೇ ಮಾರ್ಗಸೂಚಿಯು ದಿನಕ್ಕೆ 2,000 ಕಿಲೋ ಕ್ಯಾಲೊರಿ ಬೇಕಾಗುವ ವ್ಯಕ್ತಿಗೆ ಏನೇನು, ಎಷ್ಟೆಷ್ಟು ಎಂದು ತೂಕದಲ್ಲಿ ಹೇಳುತ್ತದೆ: ಧಾನ್ಯ ಮತ್ತು ಸಿರಿಧಾನ್ಯ 250 ಗ್ರಾಂ, ಸೊಪ್ಪು ಸೇರಿದಂತೆ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಅದರ ಬದಲಿಗೆ ಮೊಟ್ಟೆ, ಮಾಂಸ 85 ಗ್ರಾಂ, ಕಡಲೆಕಾಯಿಯಂಥ ಬೀಜಗಳು 35 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಎಣ್ಣೆ ಮತ್ತು ತುಪ್ಪ ಸೇರಿ 27 ಗ್ರಾಂ. ಧಾನ್ಯ, ಕಾಳುಗಳ ತೂಕ ಬೇಯಿಸುವ ಮೊದಲಿನದು. ಈ ಪಟ್ಟಿಯನ್ನು ಓದಿದವರು ಸಾಮಾನ್ಯವಾಗಿ ಎಣ್ಣೆಯ ಸಾಲಿನಲ್ಲಿ ಕಣ್ಣು ನಿಲ್ಲಿಸುತ್ತಾರೆ. ನಮ್ಮ ಕಡೆಯ ತಟ್ಟೆಗೆ ಹೋಲಿಸಿದಾಗ ಇನ್ನೂ ದೊಡ್ಡ ಅಂತರ ಕಾಣುವುದು ತರಕಾರಿಯ ಸಾಲಿನಲ್ಲಿ. ಅನ್ನದ ಗುಡ್ಡೆಯ ಪಕ್ಕದಲ್ಲಿ ಎರಡು ಚಮಚ ಪಲ್ಯ ಬಡಿಸಿಕೊಳ್ಳುವ ಅಭ್ಯಾಸದಲ್ಲಿ 400 ಗ್ರಾಂ ಎಂದೂ ತುಂಬುವುದಿಲ್ಲ. ದೇಶಕ್ಕೇ ತರಕಾರಿ ಕಳುಹಿಸುವ, ಟೊಮೆಟೊ ಮಾರುಕಟ್ಟೆಗೆ ಹೆಸರಾದ ಕೋಲಾರದಂಥ ಜಿಲ್ಲೆಯಲ್ಲೂ ತರಕಾರಿ ತಟ್ಟೆಯ ಅಂಚಿನಲ್ಲೇ ಉಳಿಯುವುದು ವಿಚಿತ್ರವಾದರೂ ನಿಜ.

ಪೊಟ್ಟಣದ ಮೇಲೆ ತಾರೀಖು

ಗ್ರಾಂ ಲೆಕ್ಕದಲ್ಲಿ ದಿನವೂ ತೂಗಿ ಅಡುಗೆ ಮಾಡುವುದು ಯಾರಿಗೂ ಸಾಧ್ಯವಿಲ್ಲ, ಮಾಡಬೇಕಾಗಿಯೂ ಇಲ್ಲ. ತಿಂಗಳ ಲೆಕ್ಕ ಹಿಡಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ಮಾರ್ಗಸೂಚಿ ಎರಡೂ ವಯಸ್ಕರಿಗೆ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಹೇಳುತ್ತವೆ. ಅದು ಹೆಚ್ಚು ಕಡಿಮೆ ಒಂದು ಚಿಕ್ಕ ಚಮಚ. ನಾಲ್ಕು ಜನ ವಯಸ್ಕರ ಮನೆಗೆ ದಿನಕ್ಕೆ 20 ಗ್ರಾಂ ಎಂದಾದರೆ ಒಂದು ಕೆ.ಜಿ. ಉಪ್ಪು 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ, ಹೋಟೆಲಿನ ತಿಂಡಿಗಳಲ್ಲಿ ಒಳಸೇರುವ ಉಪ್ಪು ಈ ಪೊಟ್ಟಣದ ಹೊರಗಿನದು, ಆದ್ದರಿಂದ ನಿಜವಾಗಿ ಅದಕ್ಕಿಂತ ಹೆಚ್ಚು ದಿನವೇ ಬರಬೇಕು. ಜನವರಿ ಒಂದರಂದು ಹೊಸ ಪೊಟ್ಟಣ ಒಡೆದು ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡಿ. ಅದು ಮುಗಿದ ದಿನ ನಿಮ್ಮ ಮನೆಯ ಸ್ಥಿತಿ ಗೊತ್ತಾಗುತ್ತದೆ. ಉಪ್ಪನ್ನು ಒಮ್ಮೆಲೇ ಇಳಿಸಿದರೆ ಊಟ ಸಪ್ಪೆಯೆನಿಸಿ ಮನೆಯವರು ಎದುರು ನಿಲ್ಲುತ್ತಾರೆ; ವಾರಕ್ಕಿಷ್ಟು ಎಂದು ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಹುಣಸೆ, ನಿಂಬೆ, ಬೆಳ್ಳುಳ್ಳಿ, ಕಾಳುಮೆಣಸು ಇವು ಉಪ್ಪಿನ ಕೊರತೆಯನ್ನು ಮರೆಸುವ ಪದಾರ್ಥಗಳು, ಮತ್ತು ಇವೆಲ್ಲ ನಮ್ಮ ಸಾರಿನಲ್ಲಿ ಈಗಾಗಲೇ ಇವೆ. ಕಲ್ಲುಪ್ಪು ಬಳಸುವ ಮನೆಗಳಿಗೆ ಒಂದು ಮಾತು: ಕಲ್ಲುಪ್ಪಿನಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ, ಗರ್ಭಿಣಿಯರು ಮತ್ತು ಮಕ್ಕಳಿರುವ ಮನೆಯಲ್ಲಿ ಅಯೋಡಿನ್ ಸೇರಿಸಿದ ಉಪ್ಪೇ ಇರಲಿ.

ಎಣ್ಣೆಗೂ ಇದೇ ಉಪಾಯ. ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಂದರೆ ನಾಲ್ವರಿಗೆ ತಿಂಗಳಿಗೆ ಸುಮಾರು 3.2 ಕೆ.ಜಿ.; ಲೀಟರಿನಲ್ಲಿ ಹೇಳುವುದಾದರೆ ಮೂರೂವರೆ, ಅದೂ ತುಪ್ಪ, ಬೆಣ್ಣೆ ಎಲ್ಲ ಸೇರಿ. ಎಣ್ಣೆ ಯಾವುದೇ ಇರಲಿ, ಗ್ರಾಂಗೆ 9 ಕಿಲೋ ಕ್ಯಾಲೊರಿ ಕೊಡುತ್ತದೆ. ಗಾಣದ ಎಣ್ಣೆ ಎಂಬ ಕಾರಣಕ್ಕೆ ಅದರ ಕ್ಯಾಲೊರಿ ಕಡಿಮೆಯಾಗುವುದಿಲ್ಲ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಬೇರೆಯೇ ಸಮಸ್ಯೆ: ಕಾದಷ್ಟೂ ಎಣ್ಣೆ ಒಡೆದು ಹಾನಿಕರ ಸಂಯುಕ್ತಗಳು ಹೆಚ್ಚುತ್ತವೆ. ಇಂಥ ಸಂಯುಕ್ತಗಳು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ನಿಯಮ ತಂದಿದ್ದು ಇದೇ ಕಾರಣಕ್ಕೆ. ಸಂಜೆ ರಸ್ತೆಬದಿಯ ಬಾಣಲೆಯ ಮುಂದೆ ನಿಂತಾಗ ಅದನ್ನು ಅಳೆಯುವ ಸಾಧನ ನಮ್ಮ ಬಳಿ ಇರುವುದಿಲ್ಲ.

ತುಮಕೂರಿನವರಿಗೆ, ಅದರಲ್ಲೂ ತಿಪಟೂರು ಕಡೆಯವರಿಗೆ, ಮುಂದಿನ ಮಾತು ಹಿಡಿಸದಿರಬಹುದು. ಹಸಿ ತೆಂಗಿನಕಾಯಿಯ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ, ಕಾಯಿ ಬಲಿತಿದ್ದರೆ ಅದಕ್ಕೂ ಹೆಚ್ಚು, ಕೊಬ್ಬೇ ಇರುತ್ತದೆ. ತೋಟದ ಕಾಯಿ ಎಂದು ಸಾರಿಗೆ ಅರ್ಧ ಹೋಳು ರುಬ್ಬಿ, ಪಲ್ಯಕ್ಕೆ ಇನ್ನರ್ಧ ತುರಿದರೆ, ಎಣ್ಣೆಯ ಕ್ಯಾನಿನಲ್ಲಿ ಉಳಿಸಿದ್ದು ತುರಿಮಣೆಯಿಂದ ವಾಪಸ್ಸು ಬರುತ್ತದೆ. ಕಾಯಿ ಬಿಡಬೇಕಾಗಿಲ್ಲ, ಸಾರಿಗೆ ರುಬ್ಬಿದ ದಿನ ಪಲ್ಯಕ್ಕೆ ಬೇಡವೆಂದರೆ ಸಾಕು.

ಒಂದು ಪಾತ್ರೆ, ಎರಡು ಅಡುಗೆ

ಈಗ ಬಸ್ಸಾರಿಗೆ ಬರೋಣ. ಗೊತ್ತಿರುವವರಿಗೆ ವಿಧಾನ ಹೇಳುವುದು ಅಧಿಕಪ್ರಸಂಗ. ಆದರೆ ಓದು, ಕೆಲಸ ಎಂದು ಊರು ಬಿಟ್ಟ ಮಕ್ಕಳು ಅದನ್ನು ತಿಂದಿರುತ್ತಾರೆಯೇ ಹೊರತು ಮಾಡಿರುವುದಿಲ್ಲ. ನಾಲ್ವರಿಗೆ ಸುಮಾರು 200 ಗ್ರಾಂ ತೊಗರಿಬೇಳೆ, ಇಲ್ಲವೇ ರಾತ್ರಿ ನೆನೆಸಿದ ಅಲಸಂದೆ ಅಥವಾ ಹೆಸರುಕಾಳು, ಎರಡು ದೊಡ್ಡ ಕಟ್ಟು ದಂಟಿನ ಸೊಪ್ಪು ಅಥವಾ ಬೆರಕೆ ಸೊಪ್ಪು ಬೇಕು. ತೆರೆದ ಪಾತ್ರೆಯಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ನೀರು ಎಸರಿಟ್ಟು ಬೇಳೆ ಹಾಕಬೇಕು. ಬೇಳೆ ಅರೆಬೆಂದಾಗ ತೊಳೆದು ಹೆಚ್ಚಿದ ಸೊಪ್ಪು ಸೇರಿಸಿ, ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯುವ ಹದಕ್ಕೆ ಬಂದಾಗ ಬಸಿಯಬೇಕು. ಕುಕ್ಕರಿನಲ್ಲಿ ಕೂಗಿಸಿದರೆ ಬೇಳೆ ನುಣ್ಣಗಾಗಿ ಬಸಿಯಲು ಏನೂ ಉಳಿಯುವುದಿಲ್ಲ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಸಾರಿನ ಪುಡಿ, ಸ್ವಲ್ಪ ಕಾಯಿ, ಹುಣಸೆಹಣ್ಣಿನ ಜೊತೆಗೆ ಬೆಂದ ಬೇಳೆ ಸೊಪ್ಪಿನಲ್ಲೇ ಒಂದು ಹಿಡಿ ತೆಗೆದು ರುಬ್ಬಿ, ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಪಲ್ಯ. ಎರಡೂ ಒಗ್ಗರಣೆಗೆ ಸೇರಿ ಮೂರು ಚಮಚ ಎಣ್ಣೆ ಧಾರಾಳವಾಯಿತು.

ಇದರಲ್ಲಿ ಅಡಗಿರುವ ಜಾಣತನ ಬಸಿದ ನೀರಿನದು. ಸೊಪ್ಪಿನಲ್ಲಿರುವ ಫೋಲೇಟ್ ಮುಂತಾದ ಬಿ ಗುಂಪಿನ ಜೀವಸತ್ವಗಳು, ಸಿ ಜೀವಸತ್ವ, ಪೊಟ್ಯಾಸಿಯಂ ಇವು ನೀರಿನಲ್ಲಿ ಕರಗುವಂಥವು. ಸೊಪ್ಪು ಕುದಿಯುವಾಗ ಇವುಗಳ ಒಂದು ಪಾಲು ಎಲೆಯನ್ನು ಬಿಟ್ಟು ನೀರಿಗೆ ಸೇರುತ್ತದೆ. ಸೊಪ್ಪನ್ನು ಬೇಯಿಸಿ ನೀರು ಚೆಲ್ಲುವ ಅಡುಗೆಗಳಲ್ಲಿ ಆ ಪಾಲು ಮೋರಿಗೆ ಹೋಗುತ್ತದೆ. ಇಲ್ಲಿ ಅದು ಸಾರಾಗಿ ತಟ್ಟೆಗೆ ಮರಳುತ್ತದೆ. ಶಾಖಕ್ಕೆ ಹಾಳಾಗುವ ಸಿ ಜೀವಸತ್ವದ ಬಹುಭಾಗ ಹೇಗೂ ಕುದಿಯಲ್ಲಿ ನಷ್ಟವಾಗುತ್ತದೆ, ಅದನ್ನು ಬೇರೆ ದಾರಿಯಲ್ಲಿ ತುಂಬಿಕೊಳ್ಳಬೇಕು; ಆದರೆ ಖನಿಜಾಂಶಗಳಿಗೆ ಶಾಖದ ಭಯವಿಲ್ಲ. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆದರೂ ಇದೇ ಬಗೆಯ ಸೋರಿಕೆಯಾಗುತ್ತದೆ. ಹೆಚ್ಚುವ ಮೊದಲೇ ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಎರಡನೆಯ ಲಾಭ ಪ್ರಮಾಣದ್ದು. ಪಲ್ಯ ಈ ಊಟದಲ್ಲಿ ನೆಂಚಿಕೊಳ್ಳುವ ವಸ್ತುವಾಗಿ ಬರುವುದಿಲ್ಲ, ಬಟ್ಟಲಿನ ಲೆಕ್ಕದಲ್ಲಿ ಬರುತ್ತದೆ. ಸೊಪ್ಪು ಕಾಳುಗಳ ದಿನದ ಪಾಲಿನಲ್ಲಿ ದೊಡ್ಡ ಭಾಗ ಒಂದೇ ಹೊತ್ತಿನಲ್ಲಿ ಮುಗಿಯುತ್ತದೆ. ಬೇಳೆಕಾಳುಗಳಲ್ಲಿ 100 ಗ್ರಾಂಗೆ 20ರಿಂದ 24 ಗ್ರಾಂ ಪ್ರೋಟೀನ್ ಇರುವುದರಿಂದ ಮೇಲಿನ ಅಳತೆಯಲ್ಲಿ ಪ್ರತಿಯೊಬ್ಬರಿಗೂ ಹತ್ತು ಗ್ರಾಂಗಿಂತ ಹೆಚ್ಚು ಪ್ರೋಟೀನ್ ಈ ಒಂದು ಅಡುಗೆಯಿಂದಲೇ ಸಿಗುತ್ತದೆ.

ಇದೇ ಗುಣ ಕೆಲವರಿಗೆ ಅವಗುಣವಾಗಬಹುದು. ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಮಿತಗೊಳಿಸಬೇಕಾದವರಿಗೆ ತರಕಾರಿ ಬೇಯಿಸಿದ ನೀರನ್ನು ಚೆಲ್ಲುವಂತೆ ವೈದ್ಯರು ಹೇಳುವುದುಂಟು. ಅಂಥವರಿಗೆ ಬಸಿದ ನೀರಿನ ಸಾರು ಹೊಂದುವುದಿಲ್ಲ. ಮೂತ್ರಪಿಂಡದ ಕಲ್ಲಿನ ತೊಂದರೆ ಪದೇಪದೇ ಕಾಡುವವರಿಗೂ, ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ಕೆಲವು ಸೊಪ್ಪುಗಳಿಂದ ಆ ನೀರಿನಲ್ಲೇ ಇಳಿದಿರುತ್ತದೆ ಎಂಬುದು ತಿಳಿದಿರಬೇಕು. ಇಂಥವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಬಸ್ಸಾರಿಗೆ ರುಬ್ಬುವ ತಾಳ್ಮೆ ಇಲ್ಲದ ದಿನ ಉಪ್ಸಾರು ಇದೆ: ಬಸಿದ ನೀರು ಹಾಗೆಯೇ, ಜೊತೆಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಅರೆದ ಖಾರ. ಇಲ್ಲಿ ಉಪ್ಪು ನೀರಿನಲ್ಲೂ ಖಾರದಲ್ಲೂ ಎರಡು ಬಾರಿ ಬೀಳುತ್ತದೆ, ಅದೊಂದನ್ನು ಗಮನಿಸಬೇಕು. ಬಸಿಯುವುದೂ ಬೇಡವೆಂದರೆ ಬೇಳೆ, ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ ಒಟ್ಟಿಗೆ ಕುಕ್ಕರಿನಲ್ಲಿ ಬೇಯಿಸಿ ಮಸೆದು ಒಗ್ಗರಣೆ ಹಾಕಿದರೆ ಮಸ್ಸೊಪ್ಪು. ಈ ಮೂರರಲ್ಲೂ ಯಾವ ಪದಾರ್ಥವೂ ಅನಿವಾರ್ಯವಲ್ಲ ಎಂಬುದು ದೊಡ್ಡ ಅನುಕೂಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದಾಗ ಹುಣಸೆಯ ಹುಳಿ ಅದರ ಜಾಗ ತುಂಬಿತು. ಅದೇ ಟೊಮೆಟೊ ಕೇಳುವವರಿಲ್ಲದೆ ರಸ್ತೆಗೆ ಸುರಿಯುವ ದಿನಗಳಲ್ಲಿ ಸಾರೆಲ್ಲ ಟೊಮೆಟೊಮಯ. ಸೊಪ್ಪು ಕೀರೆಯಾದರೂ ಸರಿ, ಹೊನಗೊನ್ನೆಯಾದರೂ ಸರಿ, ನುಗ್ಗೆಯಾದರೂ ಸರಿ. ಸೊಪ್ಪು ಸಿಗದ ದಿನ ಬೀನ್ಸ್ ಅಥವಾ ಎಲೆಕೋಸು ಬಸಿದರೂ ನಡೆಯುತ್ತದೆ. ಗೊತ್ತಾದ ಚೌಕಟ್ಟಿನೊಳಗೆ ಸಿಕ್ಕಿದ್ದನ್ನು ತುಂಬುವ ಅಡುಗೆಯಾದ್ದರಿಂದಲೇ ಇದು ವರ್ಷವಿಡೀ ಬಾಳುತ್ತದೆ. ಹತ್ತು ಸಾಮಗ್ರಿಗಳ ಪಟ್ಟಿ ಹಿಡಿದು ಅಂಗಡಿಗೆ ಅಲೆಯಬೇಕಾದ ಪಾಕವಿಧಾನಗಳಿಗೆ ಆ ಆಯುಸ್ಸಿಲ್ಲ.

ಮುದ್ದೆಯ ಬಗ್ಗೆ ನಿಜ ಮತ್ತು ನಂಬಿಕೆ

ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿದೆ. 2017ರ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ 7ರಿಂದ 8 ಮಿ.ಗ್ರಾಂ, ನಾರು 3 ಗ್ರಾಂಗಿಂತ ಕಡಿಮೆ. ವಯಸ್ಕರಿಗೆ ದಿನಕ್ಕೆ ಬೇಕಾದ 1,000 ಮಿ.ಗ್ರಾಂ ಕ್ಯಾಲ್ಸಿಯಂನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು 100 ಗ್ರಾಂ ರಾಗಿಹಿಟ್ಟಿನಲ್ಲಿದೆ ಎಂದಾಯಿತು. ಅದರಲ್ಲಿ ಇರುವುದೆಲ್ಲವೂ ಮೈಗೆ ಹತ್ತುವುದಿಲ್ಲ ನಿಜ, ಏಕೆಂದರೆ ರಾಗಿಯ ಫೈಟೇಟ್ ಮತ್ತು ಟ್ಯಾನಿನ್‌ಗಳು ಕ್ಯಾಲ್ಸಿಯಂ, ಕಬ್ಬಿಣಗಳ ಹೀರಿಕೆಯನ್ನು ತಡೆಯುತ್ತವೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮಕ್ಕಳಿಗೆ ರಾಗಿಸರಿಗೆ ಹಿಟ್ಟು ಮಾಡುವಾಗ ಹಿಂದಿನವರು ಮೊಳಕೆ ಕಟ್ಟುತ್ತಿದ್ದ ಕ್ರಮಕ್ಕೆ ಈ ಲಾಭವೂ ಇತ್ತು.

ಆದರೆ ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ ಇದೆ. ಅಕ್ಕಿಯಲ್ಲಿ 78 ಗ್ರಾಂ. ವ್ಯತ್ಯಾಸ ಇದೆ, ಆದರೆ ಜನ ಭಾವಿಸುವಷ್ಟು ದೊಡ್ಡದಲ್ಲ. ಹಿಟ್ಟು ಎಷ್ಟು ನುಣ್ಣಗಿದೆ, ಎಷ್ಟು ನೀರಿನಲ್ಲಿ ಬೆಂದಿದೆ, ಅದರ ಜೊತೆ ಏನು ತಿಂದಿದ್ದೇವೆ ಎಂಬುದರ ಮೇಲೆ ರಕ್ತಕ್ಕೆ ಸಕ್ಕರೆ ಸೇರುವ ವೇಗ ನಿಂತಿದೆ. ತೆಳ್ಳಗಿನ ಗಂಜಿ ಬೇಗ ಜೀರ್ಣವಾಗುತ್ತದೆ. ಅದಕ್ಕೆ ಬೆಲ್ಲ ಸೇರಿಸಿ ರಾಗಿ ಮಾಲ್ಟ್ ಎಂದು ಕುಡಿದರೆ, ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಬರುವುದರಿಂದ, ಸಕ್ಕರೆ ಕಾಯಿಲೆಯವರಿಗೆ ಅದು ಔಷಧವಾಗಲಾರದು. ಗಟ್ಟಿ ಮುದ್ದೆಯನ್ನು ಬಟ್ಟಲು ತುಂಬ ಕಾಳು ಸೊಪ್ಪಿನ ಜೊತೆ ತಿಂದಾಗ ನಾರು, ಪ್ರೋಟೀನ್ ಸೇರಿ ಆ ವೇಗ ತಗ್ಗುತ್ತದೆ. ಮಧ್ಯಮ ಗಾತ್ರದ ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಬೇಕಾಗುತ್ತದೆ. ಹೊಲದಲ್ಲಿ ದುಡಿಯುವ ಕಾಲಕ್ಕೆ ಎರಡು ದೊಡ್ಡ ಮುದ್ದೆ ಸರಿಯಾಗಿತ್ತು. ದಿನವಿಡೀ ಕುರ್ಚಿಯ ಮೇಲೆ ಕೂತು ಬಂದವರಿಗೆ ಒಂದು ಮುದ್ದೆ, ಅದರ ಮೇಲೆ ಅನ್ನದ ಬದಲು ಇನ್ನೊಂದು ಬಟ್ಟಲು ಪಲ್ಯ ಸಾಕು.

ಮುದ್ದೆಯ ಇನ್ನೊಂದು ಗುಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಮುದ್ದೆಗೆ ಉಪ್ಪೂ ಇಲ್ಲ, ಎಣ್ಣೆಯೂ ಇಲ್ಲ. ಉಪ್ಪಿಟ್ಟು, ಪುಳಿಯೋಗರೆ, ಚಪಾತಿ, ದೋಸೆ ಇವುಗಳಲ್ಲಿ ಧಾನ್ಯಕ್ಕೇ ಒಂದು ಸುತ್ತು ಉಪ್ಪು ಅಥವಾ ಎಣ್ಣೆ ಬಿದ್ದಿರುತ್ತದೆ, ನೆಂಚಿಕೊಳ್ಳುವುದರಲ್ಲಿ ಮತ್ತೊಂದು ಸುತ್ತು. ಮುದ್ದೆ, ಬಿಳಿ ಅನ್ನ ಇರುವ ಊಟದಲ್ಲಿ ಉಪ್ಪೆಲ್ಲ ಸಾರು ಪಲ್ಯಗಳಲ್ಲಿ ಮಾತ್ರ ಇರುವುದರಿಂದ ಕೈ ಹಿಡಿಯಬೇಕಾದ ಜಾಗ ಒಂದೇ. ಇನ್ನು ಮುದ್ದೆ ಕಟ್ಟಲು ಬಾರದೆಂದು ಹೆದರುವವರಿಗೆ: ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕಿ ಕುದಿ ಬರಿಸಿ, ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಉರಿ ತಗ್ಗಿಸಿ ಐದಾರು ನಿಮಿಷ ಮುಟ್ಟದೆ ಬಿಡಬೇಕು. ಪಿಷ್ಟದ ಕಣಗಳು ಬಿಸಿನೀರು ಹೀರಿ ಉಬ್ಬುವುದಕ್ಕೆ ಆ ಹೊತ್ತು ಬೇಕು. ಅವಸರದಿಂದ ಮೊದಲೇ ತೊಳಸಿದರೆ ಹೊರಗೆ ಬೆಂದು ಒಳಗೆ ಒಣಹಿಟ್ಟು ಉಳಿದು ಗಂಟಾಗುತ್ತದೆ. ಆಮೇಲೆ ಕೋಲಿನಿಂದ ತೊಳಸಿ, ಮತ್ತೆ ಎರಡು ನಿಮಿಷ ಮುಚ್ಚಿಟ್ಟು, ಕೈ ಒದ್ದೆ ಮಾಡಿಕೊಂಡು ಕಟ್ಟಿದರೆ ಆಯಿತು.

ಜನವರಿಯ ಅನುಕೂಲ

ಈ ಮೂರು ಜಿಲ್ಲೆಗಳಲ್ಲಿ ಮನೆಯಡುಗೆ ಶುರು ಮಾಡಲು ಜನವರಿಗಿಂತ ಒಳ್ಳೆಯ ತಿಂಗಳಿಲ್ಲ, ಏಕೆಂದರೆ ಅದು ಸೊಗಡಿನ ಅವರೆಯ ಕಾಲ. ಸಂತೆಯಲ್ಲಿ ರಾಶಿ ಬೀಳುವ ಅವರೆಕಾಯಿ ಬೇಳೆಕಾಳೂ ಹೌದು, ಹಸಿ ತರಕಾರಿಯೂ ಹೌದು. ಕಾಳು ಸುಲಿದು ಹಾಗೆಯೇ ಸಾರು ಮಾಡಬಹುದು. ನೆನೆಸಿ ಸಿಪ್ಪೆ ಹಿಚುಕಿದರೆ ಹಿತಕಿದ ಬೇಳೆ. ರುಚಿಯಲ್ಲಿ ಎರಡನೆಯದಕ್ಕೆ ಸಮವಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಸಿಪ್ಪೆಯ ಜೊತೆ ನಾರೂ ಹೋಗುತ್ತದೆ. ಹಬ್ಬಕ್ಕೆ ಹಿತಕಿದ್ದು, ವಾರದ ದಿನಕ್ಕೆ ಸಿಪ್ಪೆ ಸಹಿತ ಎಂದಿಟ್ಟುಕೊಳ್ಳಬಹುದು. ಯಾವುದೇ ಆದರೂ ಅವರೆಯನ್ನು ಪೂರ್ತಿ ಬೇಯಿಸಲೇಬೇಕು, ಹಸಿಕಾಳಿನಲ್ಲಿರುವ ಜೀರ್ಣವಿರೋಧಿ ಅಂಶಗಳು ಚೆನ್ನಾಗಿ ಕುದಿದಾಗಲೇ ನಾಶವಾಗುವುದು.

ಇದೇ ಕಾಲಕ್ಕೆ ಸೀಬೆಹಣ್ಣು, ನೆಲ್ಲಿಕಾಯಿ ಕೂಡ ಸಿಗುತ್ತವೆ. ಕುದಿಯಲ್ಲಿ ಕಳೆದುಕೊಂಡ ಸಿ ಜೀವಸತ್ವವನ್ನು ತುಂಬಿಕೊಳ್ಳುವ ದಾರಿ ಇದು: 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿ.ಗ್ರಾಂ ಆಸುಪಾಸು ಇದ್ದು, ಒಂದು ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ಆಯಿತು. ಇದರ ಮಹತ್ವ ನೆಗಡಿಗೆ ಸೀಮಿತವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಸೊಪ್ಪು, ಕಾಳು, ರಾಗಿಯಲ್ಲಿ ಕಬ್ಬಿಣವಿದ್ದರೂ ಸಸ್ಯಮೂಲದ ಕಬ್ಬಿಣವನ್ನು ಕರುಳು ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಸಿ ಜೀವಸತ್ವ ಅದೇ ಊಟದಲ್ಲಿದ್ದರೆ ಹೀರಿಕೆ ಹೆಚ್ಚುತ್ತದೆ. ಒಲೆಯಿಂದ ಇಳಿಸಿದ ಮೇಲೆ ಪಲ್ಯಕ್ಕೆ ನಿಂಬೆರಸ ಹಿಂಡುವುದು, ಊಟದ ಕೊನೆಗೆ ಅರ್ಧ ಸೀಬೆಹಣ್ಣು ತಿನ್ನುವುದು ಇಷ್ಟರಿಂದಲೇ ಪ್ರಯೋಜನವುಂಟು. ಊಟವಾದ ಕೂಡಲೇ ಕುಡಿಯುವ ಟೀ, ಕಾಫಿ ಇದಕ್ಕೆ ನೇರ ವಿರುದ್ಧ ಕೆಲಸ ಮಾಡುತ್ತದೆ. ಒಂದು ಗಂಟೆಯಾದರೂ ತಡೆಯಬೇಕು. ರಕ್ತಹೀನತೆ ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ ಊಟವೊಂದೇ ಸಾಲದು, ಮಾತ್ರೆ ಬೇಕಾಗುತ್ತದೆ.

ಹಾಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮನೆಯ ಹಸುವಿನ ಹಾಲನ್ನೆಲ್ಲ ಡೇರಿಗೆ ಅಳೆದು, ಮಕ್ಕಳಿಗೆ ಟೀಗಾಗುವಷ್ಟು ಉಳಿಸುವ ಮನೆಗಳು ನಮ್ಮ ಕಡೆ ಬಹಳ. ದಿನಕ್ಕೆ ಒಂದು ಲೋಟ ಮಜ್ಜಿಗೆಯಾಗುವಷ್ಟನ್ನಾದರೂ ಮನೆಗೆ ಇಟ್ಟುಕೊಳ್ಳಬೇಕು.

ನೀರಿನ ಬಗ್ಗೆ ಮಾತ್ರ ಹೇಳಲೇಬೇಕು. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಪಾವಗಡದಂಥ ತುಮಕೂರಿನ ಭಾಗಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ, ಮಿತಿ ಮೀರಿದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ; ನೆಲದಡಿಯ ಗಟ್ಟಿ ಬಂಡೆಯಿಂದ ಅದು ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ಮೂಲವಿಲ್ಲದಿದ್ದಾಗ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅನೇಕ ಮನೆಗಳಲ್ಲಿ ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತಾರೆ, ಅಡುಗೆಗೆ ಮಾತ್ರ ಬೋರ್ ನೀರು. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಬಸ್ಸಾರು, ಮುದ್ದೆಯಂಥ ನೀರು ಕುಡಿಯುವ ಅಡುಗೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಎಸರಿಗೂ ಸಾರಿಗೂ ಘಟಕದ ನೀರು, ತೊಳೆಯುವುದಕ್ಕೆ ಬೋರ್ ನೀರು ಎಂದು ಹಂಚಿಕೊಂಡರೆ ದಿನಕ್ಕೆ ಮೂರು ನಾಲ್ಕು ಲೀಟರ್ ಹೆಚ್ಚು ಬೇಕಾದೀತು, ಅಷ್ಟೆ. ಆಹಾರದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡಿನ ಹೀರಿಕೆಯೂ ತಗ್ಗುತ್ತದೆ.

ಯಾರು ಮಾಡಬೇಕು, ಯಾವಾಗ ಮಾಡಬೇಕು

ಮನೆಯೂಟದ ಹೊಗಳಿಕೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಕಿ ಒಂದಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ತೊಡಗುವ ಪುರುಷರು 97 ನಿಮಿಷ. ಇನ್ನು ಮೇಲೆ ಹೊರಗಿನ ತಿಂಡಿ ಬೇಡ, ಮನೆಯಲ್ಲೇ ಮಾಡೋಣ ಎಂದು ಗಂಡ ಸಂಕಲ್ಪ ಮಾಡಿದರೆ, ಆ 299ಕ್ಕೆ ಇನ್ನಷ್ಟು ನಿಮಿಷಗಳು ಸೇರುತ್ತವೆ ಎಂದೇ ಬಹಳ ಮನೆಗಳಲ್ಲಿ ಅದರ ಅರ್ಥ. ನರಸಾಪುರ, ವೇಮಗಲ್, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವವರಲ್ಲಿ, ಬಂಗಾರಪೇಟೆ, ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರಲ್ಲಿ ಹೆಣ್ಣುಮಕ್ಕಳೂ ಕಡಿಮೆಯಿಲ್ಲ. ಅವರು ಮನೆ ಸೇರಿ ಒಲೆ ಹಚ್ಚುವ ಹೊತ್ತಿಗೆ ರಾತ್ರಿ ಎಂಟಾಗಿದ್ದರೆ, ಪೋಷಕಾಂಶಗಳ ಪಟ್ಟಿ ಅವರ ಪಾಲಿಗೆ ಇನ್ನೊಂದು ಹೊರೆ.

ಆದ್ದರಿಂದ ಕೆಲಸವನ್ನು ಕಾಲದಲ್ಲೂ ಕೈಗಳಲ್ಲೂ ಹಂಚಬೇಕು. ರಾತ್ರಿ ಮಲಗುವ ಮೊದಲು ಕಾಳು ನೆನೆಹಾಕಲು ಅಡುಗೆ ಬರಬೇಕಾಗಿಲ್ಲ. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಟಿ.ವಿ. ಮುಂದೆ ಕೂತವರ ಕೆಲಸ. ಸಾರಿನ ಪುಡಿಯನ್ನು ತಿಂಗಳಿಗೊಮ್ಮೆ ಮನೆಯಲ್ಲೇ ಮಾಡಿಟ್ಟುಕೊಂಡರೆ, ಅಂಗಡಿಯ ಕೆಲವು ಮಿಶ್ರಣಗಳಲ್ಲಿ ಮೊದಲೇ ಸೇರಿರುವ ಉಪ್ಪೂ ತಪ್ಪುತ್ತದೆ. ಬಸ್ಸಾರು ಮರುದಿನಕ್ಕೆ ಇನ್ನೂ ರುಚಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಎರಡು ಹೊತ್ತಿಗಾಗುವಷ್ಟು ಒಮ್ಮೆಗೇ ಮಾಡಬಹುದು. ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗಿಟ್ಟು, ಬಡಿಸುವಾಗ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಬೇಕು. ಮಿಕ್ಕ ಅನ್ನಕ್ಕೂ ಇದೇ ನಿಯಮ, ಹೊರಗೆ ಬಿಟ್ಟ ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಮೊದಲ ತಿಂಗಳಿಗೆ ವಾರದ ಏಳೂ ದಿನ ಹಿಡಿಯಬೇಕಾಗಿಲ್ಲ. ಮೂರು ರಾತ್ರಿಯ ಊಟ ಗೊತ್ತು ಮಾಡಿಕೊಂಡರೆ ಸಾಕು: ಸಂತೆಯ ಮರುದಿನ ಸೊಪ್ಪಿನ ಬಸ್ಸಾರು, ವಾರದ ನಡುವೆ ಅವರೆಕಾಳು ಅಥವಾ ಮೊಳಕೆ ಹುರುಳಿಕಾಳು, ತರಕಾರಿ ಬುಟ್ಟಿ ಖಾಲಿಯಾಗುವ ಹೊತ್ತಿಗೆ ಉಳಿದುದೆಲ್ಲ ಸೇರಿಸಿ ಮಸ್ಸೊಪ್ಪು. ಮಾಂಸ ತಿನ್ನುವವರು ಭಾನುವಾರದ ಕೋಳಿ ಸಾರನ್ನು ಹಾಗೆಯೇ ಇಟ್ಟುಕೊಳ್ಳಲಿ, ಅದರ ಪಕ್ಕದಲ್ಲಿ ಒಂದು ಬಟ್ಟಲು ಸೊಪ್ಪಿನ ಪಲ್ಯ ಸೇರಲಿ. ಉಳಿದ ದಿನಗಳಲ್ಲಿ ಮನೆಯಲ್ಲಿ ಏನು ನಡೆಯುತ್ತಿದೆಯೋ ಅದೇ ನಡೆಯಬಹುದು. ಫೆಬ್ರವರಿಯಲ್ಲಿ ಉಪ್ಪಿನ ಪೊಟ್ಟಣ ಮುಗಿದಾಗ ಅದರ ಮೇಲಿನ ತಾರೀಖು ನೋಡಿ, ನಾಲ್ಕನೆಯ ರಾತ್ರಿಯನ್ನು ಸೇರಿಸಬೇಕೇ ಎಂದು ಯೋಚಿಸಿದರಾಯಿತು.